ಕೊನೆಯ ಬೆಂಚಿಗೆ ಕೇಳಬೇಕು

ನನ್ನ ದನಿ ದೊಡ್ಡದು. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ನನ್ನನ್ನು ಬಲ್ಲವರು ಹೇಗೂ ಹೇಳಿಯೇ ಹೇಳುತ್ತಾರೆ. ನಾನು ಗುಟ್ಟು ಹೇಳಿದರೆ ಪಕ್ಕದ ಮನೆಯವರು ಒಗ್ಗರಣೆ ನಿಲ್ಲಿಸಿ ಕೇಳುತ್ತಾರೆ. ಟೆಲಿಫೋನಿನಲ್ಲಿ ಮಾತಾಡಿದರೆ, "ಅದಕ್ಕೆ ತಂತಿ ಯಾಕೆ ದಂಡ, ಕಿಟಕಿ ತೆಗೆದರೆ ಸಾಕಲ್ಲ" ಎಂದು ನಮ್ಮ ಯಜಮಾನರು ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೆ ಇದು ಹುಟ್ಟಿನಿಂದ ಬಂದದ್ದಲ್ಲ. ಚಿಕ್ಕಂದಿನಲ್ಲಿ ನಾನು ಎಷ್ಟು ಮೆಲ್ಲಗೆ ಮಾತಾಡುತ್ತಿದ್ದೆನೆಂದರೆ, ಇನ್ನರ್ಧ ಮುದ್ದೆ ಬೇಕೆಂದು ಕೇಳಿದ್ದು ಯಾರಿಗೂ ಕೇಳಿಸದೆ ಅರೆಹೊಟ್ಟೆಯಲ್ಲಿ ಎದ್ದದ್ದುಂಟು. ಈ ದನಿ ನನಗೆ ಬಂದದ್ದು ಬಿ.ಎ. ಓದಿನಿಂದ. ಡಿಗ್ರಿಯಿಂದ ಕೆಲವರಿಗೆ ಕೆಲಸ ಬಂತು, ಕೆಲವರಿಗೆ ಕನ್ನಡಕ ಬಂತು. ನನಗೆ ಗಂಟಲು ಬಂತು.

ಅದು ದೊಡ್ಡ ಯುದ್ಧ ಆಗತಾನೆ ಮುಗಿದಿದ್ದ ಕಾಲ. ದೊಡ್ಡಬಳ್ಳಾಪುರಕ್ಕೂ ಬಾಶೆಟ್ಟಿಹಳ್ಳಿಗೂ ನಡುವೆ ನಮ್ಮ ಹೊಲ. ಈಗ ಆ ಕಡೆಯೆಲ್ಲ ಕಾರ್ಖಾನೆಗಳ ಸೈರನ್ನು ಕೂಗುತ್ತದೆ; ಆಗ ಕೂಗುತ್ತಿದ್ದವಳು ನಮ್ಮವ್ವ ಒಬ್ಬಳೇ. ಮಲ್ಲೇಶ್ವರದಲ್ಲಿ ಶಾಲಾ ಮೇಷ್ಟ್ರಾಗಿದ್ದ ನನ್ನ ಸೋದರಮಾವ, "ಹುಡುಗಿ ಓದ್ತೀನಿ ಅಂತಾಳೆ, ಓದ್ಲಿ ಬಿಡು" ಎಂದು ಅಪ್ಪನನ್ನು ಒಪ್ಪಿಸಿ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದರು. ಸೋಮವಾರ ಬೆಳಿಗ್ಗೆ ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತುವುದು, ಶನಿವಾರ ಮಧ್ಯಾಹ್ನ ಇಳಿಯುವುದು. ನಡುವೆ ಸಿಗುವಷ್ಟು ವಿದ್ಯೆಯನ್ನು ಸಂಪಾದಿಸುವುದು.

ಕಾಲೇಜಿನ ಹೆಸರು ಬೇಡ. ಅಲ್ಲಿ ಒಂದು ಕಟ್ಟಳೆಯಿತ್ತು. ಬಿ.ಎ. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಯೂ ತಿಂಗಳಿಗೊಂದು ಇಂಗ್ಲಿಷ್ ಪ್ರಬಂಧ ಬರೆದು ಒಪ್ಪಿಸಬೇಕು. ವರ್ಷದಲ್ಲೊಮ್ಮೆ ತರಗತಿಯ ಮುಂದೆ ನಿಂತು ಐದು ನಿಮಿಷ ಇಂಗ್ಲಿಷಿನಲ್ಲಿ ಭಾಷಣ ಮಾಡಬೇಕು. ಬರೆದದ್ದಕ್ಕೊಂದು, ಆಡಿದ್ದಕ್ಕೊಂದು, ಹೀಗೆ ಇಂಗ್ಲಿಷ್ ಪ್ರೊಫೆಸರರ ಎರಡು ಸಹಿ ಬಿದ್ದರೆ ಮಾತ್ರ ಪರೀಕ್ಷೆಗೆ ಕೂರಲು ಅಪ್ಪಣೆ. ಯೋಚಿಸಿದರೆ ಇದು ಹೊಸದೇನಲ್ಲ. ಹಳೆಯ ಕಾಲದ ನಮ್ಮ ಪಂಡಿತರು ಶಿಷ್ಯನನ್ನು ಸಭೆಯಲ್ಲಿ ನಿಲ್ಲಿಸಿ ಬಾಯಿ ಬಿಡಿಸದೆ ಮನೆಗೆ ಕಳಿಸುತ್ತಿರಲಿಲ್ಲ. ಬರೆದುಕೊಳ್ಳುವವನನ್ನು ಕಂಡರೆ ಅವರಿಗೆ ಸ್ವಲ್ಪ ಅನುಮಾನವೇ: ಇವನಿಗೆ ನೆನಪು ಕಡಿಮೆಯೇನೋ ಎಂದು. ಕೂಲಿಮಠದ ಮಕ್ಕಳು ಮಗ್ಗಿ ಕೂಗಿದರೆ ಊರಾಚೆಯ ದನಗಳಿಗೂ ಲೆಕ್ಕ ಬರುತ್ತಿತ್ತು. ಇಂಗ್ಲಿಷರು ಬಂದು ಮಸಿ ಕುಡಿಕೆ ಮುಂದಿಟ್ಟ ಮೇಲೆ ವಿದ್ಯೆ ನಾಲಗೆಯಿಂದ ಬೆರಳಿಗೆ ಇಳಿಯಿತು. ನಮ್ಮ ಕಾಲೇಜಿನ ಹಿರಿಯರು ಎರಡನ್ನೂ ಬಿಡಬಾರದೆಂದು ಎರಡು ಸಹಿ ಇಟ್ಟರು.

ತರಗತಿಯಲ್ಲಿ ಅರವತ್ತು ಹುಡುಗರು, ಇಬ್ಬರು ಹುಡುಗಿಯರು. ನಾನೊಬ್ಬಳು, ಇನ್ನೊಬ್ಬಳು ಹೊಸಕೋಟೆಯ ವಕೀಲರ ಮಗಳು ಸರೋಜ. ವರ್ಷದ ಮೊದಲ ದಿನವೇ ಪ್ರೊಫೆಸರರು ನಮ್ಮ ಬೆಂಚಿನ ಕಡೆ ನೋಡದೆ, ಗೋಡೆಯ ಗಡಿಯಾರಕ್ಕೆ ಹೇಳುವವರಂತೆ ಹೇಳಿದರು: "ಮಹಿಳೆಯರಿಗೆ ಭಾಷಣದಿಂದ ವಿನಾಯಿತಿ. ಅವರು ಎರಡು ಪ್ರಬಂಧ ಹೆಚ್ಚಾಗಿ ಬರೆದರೆ ಸಾಕು." ಅವರು ಬಹಳ ಮೃದು ಸ್ವಭಾವದವರು. ಹೆಣ್ಣುಮಕ್ಕಳನ್ನು ನಿಲ್ಲಿಸಿ ಮಾತಾಡಿಸುವುದು ಅವರ ದೃಷ್ಟಿಯಲ್ಲಿ, ಬಿಸಿಲಲ್ಲಿ ನಿಲ್ಲಿಸುವಷ್ಟೇ ಕ್ರೂರವಾಗಿತ್ತು. ನನಗಂತೂ ಹಬ್ಬದೂಟ ಮಾಡಿದಷ್ಟು ಸಂತೋಷವಾಯಿತು. ಸರೋಜ ಮಾತ್ರ ಮುಖ ಊದಿಸಿಕೊಂಡಳು. ಹುಡುಗಿಯರ ಕೋಣೆಯಲ್ಲಿ ಅವಳು ಒಬ್ಬೊಬ್ಬ ಮೇಷ್ಟ್ರ ಹಾಗೆಯೂ ಮಾತಾಡಿ ತೋರಿಸುತ್ತಿದ್ದಳು. ಕೇಳುವವಳು ನಾನೊಬ್ಬಳೇ ಎಂಬುದು ಅವಳ ದುಃಖ.

ಪ್ರಬಂಧಗಳ ಕಥೆ ಬೇರೆ. ಒಮ್ಮೆ 'ಶರತ್ಕಾಲದ ಒಂದು ಸಂಜೆ' ಎಂದು ವಿಷಯ ಕೊಟ್ಟರು. ಅವರು ಕೇಳಿದ್ದು ಇಂಗ್ಲೆಂಡಿನ ಶರತ್ಕಾಲ. ಎಲೆಗಳು ಕೆಂಪಾಗಿ ಗಾಳಿಗೆ ಉದುರುವಂಥದ್ದು. ಶನಿವಾರ ಊರಿಗೆ ಹೋದವಳು ಅವ್ವ ಅವರೆಕಾಯಿ ಬಿಡಿಸುತ್ತಿದ್ದ ಕಡೆ ಕೂತು ಪೆನ್ಸಿಲು ಕಚ್ಚುತ್ತ, ಕೆಂಪೆಲೆ ಹೇಗಿರಬಹುದೆಂದು ಯೋಚಿಸುತ್ತಿದ್ದೆ. ಅವ್ವನಿಗೆ ಸಮಾಚಾರ ಹೇಳಿದರೆ ಅವಳು ಅರೆ ಕ್ಷಣವೂ ಯೋಚಿಸಲಿಲ್ಲ.

"ಎಲೆ ಕೆಂಪಗಾಗಿ ಉದುರ್ತಾವೆ ಅಂದ್ರೆ ಗಿಡಕ್ಕೆ ರೋಗ ಹತ್ತೈತೆ ಕಣೆ. ಬುಡಕ್ಕೆ ಬೂದಿ ಹಾಕ್ಬೇಕು ಅಂತ ಬರಿ."

ನಾನು ಬೂದಿ ಬಿಟ್ಟು ಬೇರೆಲ್ಲ ಬರೆದೆ. ಪ್ರೊಫೆಸರರು ಕೆಂಪು ಮಸಿಯಲ್ಲಿ, "ತುಂಬ ಕಾವ್ಯಮಯವಾಗಿದೆ. ನೋಡಿದ್ದೀರಾ?" ಎಂದು ಬರೆದು ಸಹಿ ಹಾಕಿದರು. ಬರಹದ ಗುಣವೇ ಅದು. ನೋಡದ್ದನ್ನೂ ಬರೆಯಬಹುದು, ಬರೆಯುವಾಗ ಕೈ ನಡುಗಿದರೆ ಯಾರಿಗೂ ಕಾಣುವುದಿಲ್ಲ. ಹೀಗೆ ನಾನು ಶರತ್ಕಾಲ, ಸಮುದ್ರ, ಹಿಮಪಾತ ಎಲ್ಲವನ್ನೂ ಮಲ್ಲೇಶ್ವರದ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ದಾಟಿದೆ.

ದಾಟಿದೆ ಎಂದುಕೊಂಡೆ. ಸಂಕ್ರಾಂತಿ ಮುಗಿದ ವಾರ ಪರೀಕ್ಷೆಯ ಅರ್ಜಿ ಕೊಡಲು ಸರೋಜ ಮತ್ತು ನಾನು ಕಾಲೇಜಿನ ಆಫೀಸಿಗೆ ಹೋದೆವು. ಹೆಡ್ ಗುಮಾಸ್ತರು ನಮ್ಮ ಹಾಳೆಗಳನ್ನು ತಿರುವಿ, ಮೂಗಿನ ಮೇಲಿನ ಕನ್ನಡಕವನ್ನು ಇನ್ನಷ್ಟು ಕೆಳಗಿಳಿಸಿ, "ಭಾಷಣದ ಸಹಿ ಎಲ್ಲಿ?" ಎಂದರು.

"ನಮಗೆ ವಿನಾಯಿತಿ ಇದೆ ಸಾರ್" ಎಂದಳು ಸರೋಜ.

ಅವರು ಕಟ್ಟಳೆಯ ಪುಸ್ತಕ ತೆಗೆದು ಬೆರಳಿಟ್ಟು ಓದಿದರು. "ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂತಿದೆ. ಹೆಣ್ಣು, ಗಂಡು ಅಂತ ಇಲ್ಲಿ ಎಲ್ಲೂ ಇಲ್ಲವಲ್ಲಮ್ಮ."

"ನಾವೂ ವಿದ್ಯಾರ್ಥಿಗಳೇ ಅಂತ ನೀವಾದರೂ ಒಪ್ಪಿದಿರಲ್ಲ" ಎಂದಳು ಅವಳೇ.

"ಒಪ್ಪೋದು ಬಿಡೋದು ನನ್ನ ಕೆಲಸ ಅಲ್ಲ. ಮುಂದಿನ ಶನಿವಾರ ಅರ್ಜಿ ಕಳಿಸ್ತೀನಿ. ಅಷ್ಟರೊಳಗೆ ಸಹಿ ಬೇಕು."

ಪ್ರೊಫೆಸರರ ಬಳಿ ಓಡಿದೆವು. ಪಾಪ, ಅವರು ನಮಗಿಂತ ಹೆಚ್ಚು ಬೆವರಿದರು. ತಾವು ಬಾಯಿಮಾತಿನಲ್ಲಿ ಕೊಟ್ಟ ದಯೆಗೆ ಪುಸ್ತಕದಲ್ಲಿ ಜಾಗವಿಲ್ಲವೆಂಬುದು ಅವರಿಗೂ ಆಗಲೇ ತಿಳಿದದ್ದು. ಕೊನೆಗೆ, "ಮುಂದಿನ ಗುರುವಾರ, ಇಬ್ಬರೂ. ವಿಷಯ ನಿಮಗಿಷ್ಟ ಬಂದದ್ದು. ಷರತ್ತು ಮಾತ್ರ ಎಲ್ಲರಿಗೂ ಒಂದೇ, ಕೊನೆಯ ಬೆಂಚಿಗೆ ಕೇಳಬೇಕು" ಎಂದರು.

ಕೊನೆಯ ಬೆಂಚಿನಲ್ಲಿದ್ದವನು ನೆಲಮಂಗಲದ ಗೋವಿಂದರಾಜು. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನಿಗೆ ಬಾಯಿ ಮುಚ್ಚಲು ಬರುತ್ತಿರಲಿಲ್ಲ. ಅವನ ಪಾಲಿನ ಐದು ನಿಮಿಷದ ಭಾಷಣ ಮುಗಿಯದೆ ಮುಗಿಯದೆ, ಪ್ರೊಫೆಸರರೇ ಕೈಮುಗಿದು ಕೂರಿಸಿದ್ದರು. ಬೇರೆಯವರು ಮಾತಾಡುವಾಗ ಹಿಂದಿನಿಂದ "ಕೇಳಿಸ್ತಿಲ್ಲ!" ಎಂದು ಕೂಗುವ ಹೊಣೆಯನ್ನು ಅವನು ಯಾರೂ ವಹಿಸದೆಯೇ ವಹಿಸಿಕೊಂಡಿದ್ದ. ಅವನ ಒಂದು ಕೂಗಿಗೆ ಗಟ್ಟಿಮುಟ್ಟಾದ ಹುಡುಗರೇ ಇಂಗ್ಲಿಷ್ ಮರೆತದ್ದನ್ನು ಕಂಡಿದ್ದೆ. ನನಗೆ ಅಂದಿನಿಂದಲೇ ಅನ್ನ ಸೇರದಾಯಿತು.

ಹೀಗಿರುವಾಗ ಹುಡುಗಿಯರ ಕೋಣೆಯಲ್ಲಿ ಸರೋಜ, "ನಾನು ಮಾತಾಡಲ್ಲ ಕಣೆ. ಪರೀಕ್ಷೆ ಬಿಟ್ಟುಬಿಡ್ತೀನಿ" ಎಂದಳು. ನನಗೆ ನಂಬಲಾಗಲಿಲ್ಲ. ವರ್ಷವೆಲ್ಲ ಮಾತಾಡಲು ಬಿಡಲಿಲ್ಲವೆಂದು ಕೊರಗಿದವಳು!

ಆಮೇಲೆ ತಿಳಿಯಿತು. ದೀಪಾವಳಿಯ ಸುಮಾರಿಗೆ ನಂದಗುಡಿಯ ಕಡೆಯ ದೊಡ್ಡ ಜಮೀನ್ದಾರರ ಮನೆಗೆ ಅವಳ ಸಂಬಂಧ ಗೊತ್ತಾಗಿತ್ತು. ಹುಡುಗ ಬೆಂಗಳೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ. ಹೆಣ್ಣು ನೋಡಲು ಬಂದಾಗ ಅವನ ಅಪ್ಪ, "ಕಾಲೇಜ್ನಾಗೆ ಗಂಡುಡುಗ್ರ ಮುಂದೆ ನಿಂತ್ಕಂಡು ಭಾಷಣ ಗೀಷಣ ಮಾಡೋದೇನಾದ್ರೂ ಐತೋ?" ಎಂದು ಕೇಳಿದ್ದರಂತೆ. ಸರೋಜಳ ತಂದೆ ವಕೀಲರ ಧೈರ್ಯದಿಂದ, "ಇಲ್ಲವೇ ಇಲ್ಲ, ಹೆಣ್ಣುಮಕ್ಕಳಿಗೆ ವಿನಾಯಿತಿ" ಎಂದು ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆಯೇ ಎಲೆ ಅಡಿಕೆ ಬದಲಾಗಿತ್ತು.

"ಅವರಿಗೆ ಓದಿದ ಹೆಂಡತಿ ಬೇಕಂತೆ. ಬಿ.ಎ. ಆಗಲೇಬೇಕು ಅಂತ ಬರೆದಿದ್ದಾರೆ. ಅವರಪ್ಪನಿಗೆ ಮಾತಾಡದ ಸೊಸೆ ಬೇಕು. ಮಾತಾಡಿದರೆ ಮಾವ ಇಲ್ಲ, ಮಾತಾಡದಿದ್ದರೆ ಬಿ.ಎ. ಇಲ್ಲ" ಎಂದು ಸರೋಜ ಬೆರಳು ಮಡಿಸಿದಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತ, "ಹುಡುಗ ನನಗೆ ಇಷ್ಟವಾಗದಿದ್ದರೆ ಎಷ್ಟು ಸುಲಭ ಇತ್ತು" ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಏನೋ ಸಮಾಧಾನ ಹೇಳಿದೆ. ಅದು ಅವಳಿಗೆ ಕೇಳುವಷ್ಟು ದನಿ ನನಗಿರಲಿಲ್ಲ.

ಆ ಶನಿವಾರ ಊರಿಗೆ ಹೋದೆ. 'ರೈಲು ಪ್ರಯಾಣ' ಎಂಬ ವಿಷಯದ ಮೇಲೆ ಎರಡು ಪುಟ ಬರೆದು ಬಾಯಿಪಾಠ ಮಾಡಿದ್ದೆ. ಹಟ್ಟಿಯಲ್ಲಿ ಹಸುವಿನ ಮುಂದೆ ನಿಂತು ಒಪ್ಪಿಸುವಾಗ ಅವ್ವ ನೋಡಿಬಿಟ್ಟಳು. ಮೊದಲಿನಿಂದ ಕೊನೆಯವರೆಗೆ ನನ್ನ ಕಷ್ಟ ಕೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ ಹೊಲಕ್ಕೆ" ಎಂದಳು.

ರಾಗಿ ಕುಯ್ದು ಕೂಳೆ ಉಳಿದಿದ್ದ ಹೊಲ. ಭಾನುವಾರದ ಎಳೆಬಿಸಿಲು. ನನ್ನನ್ನು ಈ ಬದುವಿನ ಮೇಲೆ ನಿಲ್ಲಿಸಿ ಅವ್ವ ಆ ಬದುವಿನ ಹೊಂಗೆ ಮರದವರೆಗೆ ನಡೆದುಹೋದಳು. ತಿರುಗಿ ನಿಂತು ಕೈಯೆತ್ತಿದಳು. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ.

"ಕೇಳಿಸ್ಲಿಲ್ಲಾ!" ಎಂದು ಆ ಕಡೆಯಿಂದ ಬಂತು. ಗೋವಿಂದರಾಜು ಅವ್ವನ ಮುಂದೆ ಏನೂ ಅಲ್ಲ.

ಮತ್ತೆ ಶುರುಮಾಡಿದೆ. "ಕೇಳಿಸ್ಲಿಲ್ಲಾ! ಗಂಟ್ಲಲ್ಲಿ ಗುನುಗ್ಬೇಡ, ಹೊಟ್ಟೆಯಿಂದ ತೆಗಿ! ನಾನು ನಿಮ್ಮಪ್ಪನ್ನ ಊಟಕ್ ಕರಿಯಲ್ವಾ, ಹಂಗೆ!"

ಇಂಗ್ಲಿಷ್ ಬಾರದವರ ಮುಂದೆ ಇಂಗ್ಲಿಷ್ ಭಾಷಣ ಮಾಡುವುದರಲ್ಲಿ ಒಂದು ಲಾಭವಿದೆ. ತಪ್ಪು ಹಿಡಿಯುವವರಿಲ್ಲ. ಒಂದು ನಷ್ಟವೂ ಇದೆ. ಚೆನ್ನಾಗಿದೆ ಎನ್ನುವವರೂ ಇಲ್ಲ. ಏಳನೆಯ ಸಲವೋ ಎಂಟನೆಯ ಸಲವೋ ನನಗೆ ಅವ್ವನ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಹೊಟ್ಟೆಯಿಂದ ದನಿ ಎದ್ದಿತು. ಮೂರನೆಯ ದರ್ಜೆಯ ಹೆಂಗಸರ ಡಬ್ಬಿಯ ವರ್ಣನೆಯನ್ನು ಆಕಾಶಕ್ಕೆ ಮುಖವೆತ್ತಿ ನಾನು ಕೂಗುತ್ತಿರುವಾಗ ಆಡು ಹೊಡೆದುಕೊಂಡು ಬಂದ ನಮ್ಮೂರ ಮುದುಕ ಮುನಿಯಪ್ಪ ಗಕ್ಕನೆ ನಿಂತ. ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಬಿರಬಿರನೆ ಬರುತ್ತಿದ್ದ ಅವ್ವನನ್ನು, "ಯಾರು ಹೋದ್ರವ್ವಾ?" ಎಂದು ಮೆಲ್ಲಗೆ ಕೇಳಿದ.

"ಯಾರೂ ಹೋಗಿಲ್ಲ ಕಣಣ್ಣ. ಮಗಳು ಬಿ.ಎ. ಓದ್ತಾವ್ಳೆ."

ಮುನಿಯಪ್ಪ ನನ್ನನ್ನು ಮರುಕದಿಂದ ನೋಡಿದ. "ಪಾಪ, ಬಾಳಾ ನೋವು ಕೊಡ್ತೈತೇನೋ" ಎಂದು ಆಡುಗಳನ್ನು ಬೇರೆ ದಾರಿಗೆ ತಿರುಗಿಸಿಕೊಂಡು ಹೋದ.

ಸೋಮವಾರ ರೈಲಿನಲ್ಲಿ ನನ್ನ ಗಂಟಲು ಉರಿಯುತ್ತಿತ್ತು. ಆದರೆ ಎದೆಯಲ್ಲಿ ಏನೋ ಒಂದು ಅಗಲವಾಗಿತ್ತು.

ಗುರುವಾರ ಬಂತು. ಹುಡುಗಿಯರು ಮಾತಾಡುತ್ತಾರೆಂಬ ಸುದ್ದಿಗೆ ಅರವತ್ತು ಹುಡುಗರಲ್ಲಿ ಒಬ್ಬನೂ ಗೈರುಹಾಜರಾಗಿರಲಿಲ್ಲ. ಸರೋಜ ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು, ಕೈಯಲ್ಲಿ ಕಾಗದವಿರಲಿಲ್ಲ. "ನಿನ್ನದು ಕೇಳೋಕೆ ಬಂದೆ" ಎಂದಳು.

ಮೊದಲು ನನ್ನ ಹೆಸರು ಕರೆದರು. ಮೇಜಿನ ಬಳಿ ನಿಂತೆ. ಕೊನೆಯ ಬೆಂಚನ್ನು ಹೊಂಗೆ ಮರವೆಂದುಕೊಂಡೆ. ಹೊಟ್ಟೆಯಿಂದ ತೆಗೆದೆ.

ಮೊದಲ ವಾಕ್ಯಕ್ಕೆ ಮುಂದಿನ ಬೆಂಚಿನವರು ಹಿಂದಕ್ಕೆ ವಾಲಿದರು. ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಪಕ್ಕದ ಕೋಣೆಯಲ್ಲಿ ಗಣಿತ ನಿಂತಿತು. ಹೊಲದ ಅಳತೆಗೆ ಹೊಲಿದ ದನಿಯನ್ನು ನಾಲ್ಕು ಗೋಡೆಯೊಳಗೆ ಬಿಟ್ಟಿದ್ದೆ. ಅದನ್ನು ಕುಗ್ಗಿಸುವುದು ಹೇಗೆಂದು ಅವ್ವ ಹೇಳಿಕೊಟ್ಟಿರಲಿಲ್ಲ. ಗೋವಿಂದರಾಜು ಎದ್ದು ನಿಂತು, "ಸಾರ್, ಕೇಳಿಸ್ತಿದೆ! ತುಂಬಾ ಕೇಳಿಸ್ತಿದೆ!" ಎಂದು ಕೂಗಿದ. ಅದೂ ನನ್ನ ಭಾಷಣದಲ್ಲಿ ಮುಳುಗಿಹೋಯಿತು. ಎರಡನೆಯ ಪುಟಕ್ಕೆ ಬರುವಾಗ ಎಲ್ಲ ಮರೆತೆ. ನಿಲ್ಲಿಸುವ ಧೈರ್ಯವಿಲ್ಲದೆ ಮೊದಲ ಪುಟವನ್ನೇ ಮತ್ತೊಮ್ಮೆ ಹೇಳಿದೆ. ರೈಲು ದೊಡ್ಡಬಳ್ಳಾಪುರದಿಂದ ಎರಡು ಸಲ ಹೊರಟಿತು. ಬೆಂಗಳೂರಿಗೆ ಒಮ್ಮೆಯೂ ತಲುಪಲಿಲ್ಲ. ಹುಡುಗರು ನೆಲ ಗುದ್ದಿ ಕುಣಿದರು. ಪ್ರೊಫೆಸರರು ನಗು ನುಂಗಿ ಸಹಿ ಹಾಕಿದರು.

ಅನಂತರ ಸರೋಜಳ ಹೆಸರು ಕರೆದರು. ಅವಳು ಏಳಲಿಲ್ಲ. ಎರಡನೆಯ ಸಲ ಕರೆದರು. ಅವಳು ನನ್ನ ಕಡೆ ನೋಡಿದಳು. ನಾನಿನ್ನೂ ಏದುಸಿರು ಬಿಡುತ್ತ, ಬೆವರೊರೆಸುತ್ತ, ಪೆದ್ದುಪೆದ್ದಾಗಿ ನಗುತ್ತ ಕೂತಿದ್ದೆ. ನನ್ನ ಆ ಅವತಾರದಲ್ಲಿ ಅವಳಿಗೆ ಏನು ಕಂಡಿತೋ, "ಇಷ್ಟೇನಾ?" ಎಂದು ಎದ್ದಳು.

ಅವಳು ಮೇಜಿಗೆ ಒರಗದೆ, ಕೈಕಟ್ಟದೆ ನಿಂತಳು. ಮೆಲ್ಲಗೆ ಶುರುಮಾಡಿದಳು. ಹಿಂದಿನಿಂದ ಗೋವಿಂದರಾಜು ರೂಢಿಯಂತೆ, "ಕೇಳಿಸ್ತಿ..." ಎಂದವನು ಅರ್ಧಕ್ಕೆ ನಿಲ್ಲಿಸಿದ. ಅವಳ ವಿಷಯ ಕೇಳಿ ಅರವತ್ತು ತಲೆಗಳೂ ಮುಂದಕ್ಕೆ ಬಾಗಿದವು. 'ಇಂದು ನಾನೇಕೆ ಮಾತಾಡಬಾರದಾಗಿತ್ತು' ಎಂಬುದೇ ಅವಳ ವಿಷಯ.

ಸರಳವಾದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಓದಿದ ಹೆಂಡತಿಯನ್ನು ಬಯಸುವ ಹುಡುಗ, ಮಾತಾಡದ ಸೊಸೆಯನ್ನು ಬಯಸುವ ಮಾವ, ಎರಡು ಸಹಿ ಬಯಸುವ ಕಾಲೇಜು. ಇವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ನನ್ನ ಒಳ್ಳೆಯದನ್ನೇ ಬಯಸುತ್ತಾರೆ. ನಾನು ಏನು ಬಯಸುತ್ತೇನೆಂದು ಮಾತ್ರ ಇದುವರೆಗೆ ಯಾರೂ ವಿಷಯ ಕೊಟ್ಟಿಲ್ಲ, ಎಂದಳು. ನನಗೆ ಈ ಡಿಗ್ರಿ ಬೇಕು, ಆ ಮನೆಯೂ ಬೇಕು ಎಂದಳು. ಕಡೆಗೆ ಅವಳು ನೇರವಾಗಿ ಹಿಂದಕ್ಕೆ ನೋಡಿ, "ಮೊದಲನೆಯದನ್ನು ಪ್ರೊಫೆಸರರು ಕೊಡಬಲ್ಲರು. ಎರಡನೆಯದು ಕೊನೆಯ ಬೆಂಚಿನ ಕೈಯಲ್ಲಿದೆ. ನಾನು ಈಗ ಮಾತಾಡಿದೆನೆಂಬುದು ಈ ಕೋಣೆಯ ಹೊರಗೆ ಕೇಳಿಸಬಾರದು" ಎಂದು ಹೇಳಿ ಬಂದು ಕೂತಳು.

ಯಾರೂ ಕಾಲು ಗುದ್ದಲಿಲ್ಲ. ಪ್ರೊಫೆಸರರು ಎದ್ದು ನಿಂತರು. ಅವರನ್ನು ನೋಡಿ ಅರವತ್ತು ಹುಡುಗರೂ ಎದ್ದು ನಿಂತರು. ಅವರು ನಿಂತುಕೊಂಡೇ ಸಹಿ ಹಾಕಿದರು. ನನಗೆ ಅವತ್ತು ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಹೇಳಿಬಿಡುತ್ತೇನೆ. ನಾನು ಒಂದು ಹೊಲವನ್ನೇ ಹೂಡಿ ಮುಟ್ಟಿದ್ದ ಕೊನೆಯ ಬೆಂಚನ್ನು ಅವಳು ಪಿಸುಮಾತಿನಲ್ಲಿ ಮುಟ್ಟಿದ್ದಳು.

ಇಬ್ಬರೂ ಪಾಸಾದೆವು. ಬೇಸಗೆಯಲ್ಲಿ ಹೊಸಕೋಟೆಯಲ್ಲಿ ಸರೋಜಳ ಮದುವೆ. ತರಗತಿಯ ಏಳೆಂಟು ಹುಡುಗರು ಪೆಟ್ರೋಲಿಗೆ ಬರವಿದ್ದ ಆ ದಿನಗಳಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ, ಮಸಿ ಹಿಡಿದ ಮುಖಗಳಲ್ಲಿ ಬಂದಿಳಿದರು. ಅವರಲ್ಲಿ ಗೋವಿಂದರಾಜುವೂ ಇದ್ದುದನ್ನು ಕಂಡು ನನ್ನ ಜೀವ ಹಾರಿಹೋಯಿತು. ಊಟದ ಪಂಕ್ತಿಯಲ್ಲಿ ಹೆಂಗಸರ ಸಾಲು ಅವರಿಗೆ ಎದುರಾಗಿತ್ತು. ಸರೋಜಳ ಮಾವ, ಎತ್ತರದ ಆಳು, ಜರಿ ಪೇಟ, ಪಂಕ್ತಿಯ ನಡುವೆ ಉಪಚಾರ ಹೇಳುತ್ತ ಬಂದವರು ಸರಿಯಾಗಿ ಅವನ ಎಲೆಯ ಮುಂದೆಯೇ ನಿಂತರು.

"ನೀವೆಲ್ಲ ನಮ್ ಸೊಸೆ ಜೊತೇಲಿ ಓದ್ದೋರಾ? ಹೆಂಗಿದ್ಲಪ್ಪಾ ಕಾಲೇಜಲ್ಲಿ?"

ನನ್ನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಗೋವಿಂದರಾಜು ಬಾಯಲ್ಲಿದ್ದುದನ್ನು ನುಂಗಿ, ಬಹಳ ವಿನಯದಿಂದ ತಲೆಯೆತ್ತಿದ.

"ಎರಡು ವರ್ಷ ಒಂದೇ ತರಗತಿ ಸಾರ್. ಅವರ ದನಿ ಹೇಗಿದೆ ಅಂತ ಕೇಳಿದ್ರೆ ನನಗೆ ಹೇಳೋಕಾಗಲ್ಲ."

ಮಾವನ ಮುಖ ಅರಳಿತು. "ಇವ್ರಿಗೆ ಇನ್ನೆರಡು ಹೋಳಿಗೆ ಹಾಕ್ರಪ್ಪಾ!" ಎಂದು ಮುಂದೆ ಹೋದರು.

ಬಸ್ಸಿಗೆ ಕಾಯುವಾಗ ನಾನು ಗೋವಿಂದರಾಜುವಿಗೆ, "ಸುಳ್ಳು ಹೇಳಿದಿರಲ್ಲ" ಎಂದೆ. ಮೆಲ್ಲಗೇ ಹೇಳಿದೆನೆಂದು ನನ್ನ ನಂಬಿಕೆ; ಅವನು ಗಾಬರಿಯಿಂದ ಸುತ್ತ ನೋಡಿದ. "ಸುಳ್ಳೆಲ್ಲಿ? ಹೇಳೋಕಾಗಲ್ಲ ಅಂದೆ. ಹೇಳೋಕಾಗುತ್ತಾ ನೀವೇ ಹೇಳಿ. ಎಷ್ಟು ಹೊತ್ತು ಬೇಕಾದ್ರೂ ಮಾತಾಡಬಹುದು ಕಣ್ರೀ. ಆ ಒಂದು ಮಾತು ನುಂಗೋದ್ರಲ್ಲಿ ಹೋಳಿಗೆ ರುಚಿಯೇ ತಿಳೀಲಿಲ್ಲ ನನಗೆ."

ಮರುವರ್ಷ, ದೇಶ ಸ್ವತಂತ್ರವಾದ ತಿಂಗಳುಗಳಲ್ಲಿ, ಸರೋಜಳ ಕಾಗದ ಬಂತು. ಮಾವನಿಗೆ ಕಣ್ಣು ಮಂದವಾಗುತ್ತಿದೆ, ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡು ಪತ್ರಿಕೆ ಓದಿಸುತ್ತಾರೆ, ಕೇಳಲು ಅರ್ಧ ಊರು ನೆರೆಯುತ್ತದೆ, ನಡುವೆ ಯಾರಾದರೂ ಮಾತಾಡಿದರೆ ಮಾವನೇ ಗದರಿಸುತ್ತಾರೆ ಎಂದು ಬರೆದಿದ್ದಳು. "ಈಗ ದಿನಕ್ಕೊಂದು ಗಂಟೆ ಮಾತಾಡುತ್ತೇನೆ. ಸಹಿ ಹಾಕುವವರು ಮಾತ್ರ ಇಲ್ಲ" ಎಂದು ಕೊನೆಯಲ್ಲಿತ್ತು.

ಈಗ ಆ ಮಾವನವರಿಲ್ಲ, ಪ್ರೊಫೆಸರರಿಲ್ಲ. ನನಗೆ ಆಗಾಗ ಅನ್ನಿಸುವುದಿಷ್ಟೆ. ನಮ್ಮ ಕಾಲೇಜಿನವರು ಬರೆಯುವುದಕ್ಕೊಂದು, ಮಾತಾಡುವುದಕ್ಕೊಂದು ಸಹಿ ಇಟ್ಟರು. ಸುಮ್ಮನಿರುವುದಕ್ಕೂ ಒಂದು ಇಡಬೇಕಾಗಿತ್ತು. ಇಟ್ಟಿದ್ದರೆ ಆ ವರ್ಷದ ಅರವತ್ತು ಹುಡುಗರೂ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುತ್ತಿದ್ದರು. ನಾನೊಬ್ಬಳೇ ಇಷ್ಟು ವರ್ಷ ಹೇಗೋ ತಡೆದುಕೊಂಡಿದ್ದು, ಇವತ್ತು ಇದನ್ನೆಲ್ಲ ನಿಮ್ಮ ಮುಂದೆ ಬರೆದು ನಪಾಸಾದೆ.